ಮಾತ್ರೆಯ ಹೊದಿಕೆ ಯಾವುದರಿಂದ?

ಸಂಕ್ರಾಂತಿಗೆ ಕುಸುರೆಳ್ಳು ಮಾಡುವವರಿಗೆ ಗೊತ್ತು: ಬಿಸಿ ಎಳ್ಳಿಗೆ ಸಕ್ಕರೆ ಪಾಕವನ್ನು ಸ್ವಲ್ಪಸ್ವಲ್ಪವೇ ಹಾಕಿ, ಕೈಯಾಡಿಸುತ್ತ ಒಣಗಿಸಿದರೆ ಪದರ ಕಟ್ಟುತ್ತದೆ. ಔಷಧ ಕಾರ್ಖಾನೆಯಲ್ಲಿ ಕೈಯಾಡಿಸುವ ಕೆಲಸ ಗಾಳಿಯದು. ಯಂತ್ರದ ತಳದಿಂದ ಬರುವ ಬಿಸಿಗಾಳಿ ಔಷಧದ ಕಾಳುಗಳನ್ನು ತೇಲಿಸುತ್ತದೆ. ಅವುಗಳ ಮೇಲೆ ಹೊದಿಕೆಯ ದ್ರಾವಣ ಸಿಂಪಡಿಸುತ್ತಾರೆ. ಕಾಳು ಏಳುತ್ತ ಬೀಳುತ್ತ ಪದರ ಒಣಗುತ್ತದೆ. 1950ರ ದಶಕದಲ್ಲಿ ಇದಕ್ಕೆ ರೂಪ ಕೊಟ್ಟವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇಲ್ ವರ್ಸ್ಟರ್.

ಅಸಿಡಿಟಿಗೆ ಕೊಡುವ ಒಮೆಪ್ರಜೋಲ್ ಕ್ಯಾಪ್ಸೂಲಿನ ಒಳಗಿನ ಕಾಳುಗಳಿಗೆ ಸಾಮಾನ್ಯವಾಗಿ ಹೊದಿಕೆ ಇರುತ್ತದೆ. ಅದಿಲ್ಲದಿದ್ದರೆ ಹೊಟ್ಟೆಯ ಆಮ್ಲದಲ್ಲೇ ಔಷಧ ಕೆಡುತ್ತದೆ. ಆದ್ದರಿಂದ ಆ ಕಾಳುಗಳನ್ನು ಅಗಿಯಬಾರದು, ಪುಡಿ ಮಾಡಬಾರದು.

ಅಹಿಂಸೆ ಪಾಲಿಸುವ ನಾವು ಹೊದಿಕೆಯ ಮೂಲವನ್ನೂ ತಿಳಿಯಬೇಕು. ಹೈಪ್ರೊಮೆಲೋಸ್ ಸಸ್ಯದ ನಾರಿನಿಂದ ತಯಾರಾಗುತ್ತದೆ. ಶೆಲ್ಯಾಕ್ ಎಂದರೆ ಅರಗು. ಅದು ಹುಳುವಿನಿಂದ ಬರುತ್ತದೆ. ಕಾಳಿನ ಹೊದಿಕೆ ಸಸ್ಯಮೂಲದ್ದಾದರೂ ಹೊರಗಿನ ಕ್ಯಾಪ್ಸೂಲು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಜೆಲಟಿನ್ ಆಗಿರಬಹುದು.

ಹಾಗೆಂದು ಔಷಧವನ್ನು ನೀವಾಗಿ ನಿಲ್ಲಿಸಬೇಡಿ. ಸಕ್ರೆಬೈಲಿನಂಥ ಊರಿನಿಂದ ಶಿವಮೊಗ್ಗಕ್ಕೆ ಹೋದಾಗ ಚೀಟಿ ಬರೆಸುವ ಮೊದಲೇ ವೈದ್ಯರನ್ನು ಕೇಳಿ: "ಇದೇ ಔಷಧ ಮಾತ್ರೆಯಾಗಿ ಅಥವಾ ಸಸ್ಯಮೂಲದ ಕ್ಯಾಪ್ಸೂಲಿನಲ್ಲಿ ಸಿಗುತ್ತದೆಯೇ?"