ಮಾರುತ ವಿಮಾನ ಮತ್ತು ಸುರಂಜನ್ ದಾಸ್ ರಸ್ತೆ

ವಿಮಾನದ ಸದ್ದು ಕೇಳಿದರೆ ಪಾಠ ನಡೆಯುತ್ತಿದ್ದರೂ ನಮ್ಮೆಲ್ಲರ ಕಣ್ಣು ಕಿಟಕಿ ಕಡೆಗೇ ಹೋಗುತ್ತದೆ. ನನ್ನ ಸೋದರಮಾವನಿಗಂತೂ ವಿಮಾನದ ಹುಚ್ಚು. ಅವರು ಯಲಹಂಕದಲ್ಲಿ ಗಾಡಿ ರಿಪೇರಿ ಮಾಡುವ ಮೆಕ್ಯಾನಿಕ್. ಅವರ ಜೊತೆ ನಾನು ವಿಮಾನ ಪ್ರದರ್ಶನ, ವಿಮಾನಗಳ ಮ್ಯೂಸಿಯಂ ಎರಡನ್ನೂ ನೋಡಿದ್ದೇನೆ. ಅಲ್ಲಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಏರೋ ಇಂಡಿಯಾ ಎಂಬ ಪ್ರದರ್ಶನವು 1996ರಲ್ಲಿ ಯಲಹಂಕದ ವಾಯುಪಡೆ ನಿಲ್ದಾಣದಲ್ಲಿ ಪ್ರಾರಂಭವಾಯಿತು. ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ನಾವು 2025ರ ಫೆಬ್ರವರಿಯಲ್ಲಿ ನೋಡಿದೆವು. ಟಿಕೆಟ್ ತಗೊಂಡು ಒಳಗೆ ಹೋಗಲಿಲ್ಲ, ರಸ್ತೆ ಬದಿಯಲ್ಲಿ ಕಡಲೆಕಾಯಿ ತಿನ್ನುತ್ತಾ ನಿಂತೆವು. ಆಕಾಶಕ್ಕೆ ಟಿಕೆಟ್ ಇಲ್ಲವಲ್ಲ!

ಎಲ್ಲರೂ ಕಾಯುವುದು ಸೂರ್ಯಕಿರಣ್ ತಂಡಕ್ಕೆ. ಇದು 1996ರಲ್ಲಿ ನಮ್ಮ ಬೀದರ್‌ನಲ್ಲೇ ಹುಟ್ಟಿದ ತಂಡ. ಒಂಬತ್ತು ವಿಮಾನಗಳು ಒಂದರ ರೆಕ್ಕೆಗೆ ಒಂದು ತಾಗುವ ಹಾಗೆ ಹಾರುತ್ತವೆ. ಬಾಲದಿಂದ ಬರುವುದು ಬೆಂಕಿಯ ಹೊಗೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಎಂಜಿನ್ನಿನಿಂದ ಹೊರಬರುವ ಬಿಸಿಗಾಳಿಗೆ ಡೀಸೆಲ್ ಚಿಮ್ಮಿಸುತ್ತಾರೆ. ಅದು ಆವಿಯಾಗಿ, ಹೊರಗಿನ ತಂಪಿಗೆ ಸಣ್ಣ ಸಣ್ಣ ಹನಿಗಳಾಗಿ ಬೆಳ್ಳಗೆ ಕಾಣುತ್ತದೆ. ಬಣ್ಣ ಬೆರೆಸಿದರೆ ಕೇಸರಿ, ಹಸಿರು. ಇನ್ನೊಂದು ಗುಟ್ಟು: ಸದ್ದು ಬಂದ ಕಡೆ ನೋಡಬೇಡಿ, ಅಲ್ಲಿ ವಿಮಾನ ಇರಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಬರುತ್ತದೆ, ಅಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತದೆ.

ಇದೇ ತಂಡದ ಎರಡು ವಿಮಾನಗಳು 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಅಭ್ಯಾಸ ಮಾಡುವಾಗ ಡಿಕ್ಕಿ ಹೊಡೆದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಅವರು ತೀರಿಕೊಂಡರು. ಮಾವ ಇದನ್ನು ಹೇಳಿದ ಮೇಲೆ ನಾನು ಚಪ್ಪಾಳೆ ಹೊಡೆದರೂ ಎದೆ ಡವಡವ ಅನ್ನುತ್ತಿತ್ತು.

ಮ್ಯೂಸಿಯಂ ಇರುವುದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ರಸ್ತೆ ಕಡೆ. ಎಚ್.ಎ.ಎಲ್. ಕಾರ್ಖಾನೆಯವರು 2001ರಲ್ಲಿ ತೆರೆದದ್ದು. ಆ ಕಾರ್ಖಾನೆ ಶುರುವಾದದ್ದು 1940ರಲ್ಲಿ. ಹೊರಗೆ ತೋಟದಲ್ಲಿ ವಿಮಾನಗಳು ಸಾಲಾಗಿ ನಿಂತಿವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾರುತ. ಮಾರುತ ಎಂದರೆ ಗಾಳಿ. ನಮ್ಮ ಆಂಜನೇಯನಿಗೆ ಮಾರುತಿ ಅನ್ನುವುದು ಅದಕ್ಕೇ.

ಮಾರುತವು ಭಾರತದಲ್ಲೇ ರೂಪಿಸಿ ತಯಾರಿಸಿದ ಮೊದಲ ಜೆಟ್ ಯುದ್ಧ ವಿಮಾನ. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ಎಂಜಿನಿಯರು ಬೆಂಗಳೂರಿಗೆ ಬಂದು ನಮ್ಮವರ ಜೊತೆ ಸೇರಿ ನಕ್ಷೆ ಮಾಡಿದರು. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟ ವಿಮಾನದ ಹಿಂದೆ ಕಟ್ಟಿ ಎಳೆಸಿ ಹಾರಿಸಿದರು! 1961ರ ಜೂನ್ 17ರಂದು ನಿಜವಾದ ಮಾರುತ ಹಾರಿತು. ಹಾರಿಸಿದವರು ಸುರಂಜನ್ ದಾಸ್.

ಶಬ್ದದ ಎರಡರಷ್ಟು ವೇಗದಲ್ಲಿ ಹೋಗಬೇಕೆಂದು ಅದನ್ನು ರೂಪಿಸಿದ್ದರು. ಆದರೆ ಬೇಕಾದ ದೊಡ್ಡ ಎಂಜಿನ್ ಇಂಗ್ಲೆಂಡಿನಿಂದ ಸಿಗಲಿಲ್ಲ. ಸಿಕ್ಕಿದ ಸಣ್ಣ ಆರ್ಫಿಯಸ್ ಎಂಜಿನ್ ಎರಡನ್ನೇ ಹಾಕಬೇಕಾಯಿತು. “ಲಾರಿ ಬಾಡಿಗೆ ಲೂನಾ ಎಂಜಿನ್ ಕೂರಿಸಿದಂಗೆ ಕಣೋ” ಅಂದರು ಮಾವ. ಅದು ಸ್ವಲ್ಪ ಜಾಸ್ತಿ ಆಯ್ತು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಇದೇ ಮಾರುತಗಳು 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿ ಹೋರಾಡಿದವು.

ಎಂಜಿನ್ ಸಾಲದು ಅಂತ ನಮ್ಮವರು ಸುಮ್ಮನೆ ಕೂರಲಿಲ್ಲ. ಎಂಜಿನ್ನಿನ ಹಿಂದಿನ ಬಿಸಿಗಾಳಿಗೆ ಮತ್ತೆ ಇಂಧನ ಸುರಿದು ಹೊತ್ತಿಸಿದರೆ ತಳ್ಳುವ ಬಲ ಹೆಚ್ಚುತ್ತದೆ. ಇದಕ್ಕೆ ರೀಹೀಟ್ ಎನ್ನುತ್ತಾರೆ. ಇದನ್ನು ಬೆಂಗಳೂರಿನಲ್ಲೇ ಮಾಡಿ ಒಂದು ಮಾರುತಕ್ಕೆ ಜೋಡಿಸಿದರು. ಹೊಸದನ್ನು ಯಾರಾದರೂ ಹಾರಿಸಿ ನೋಡಲೇಬೇಕಲ್ಲವೇ? 1970ರ ಜನವರಿ 10ರಂದು ಅಂಥ ವಿಮಾನ ಹಾರಿಸಿದವರು ಅದೇ ಸುರಂಜನ್ ದಾಸ್. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ವಿಮಾನ ಬಿದ್ದು ಅವರು ಪ್ರಾಣ ಬಿಟ್ಟರು. ಸರ್ಕಾರ ಪದ್ಮಭೂಷಣ ಕೊಟ್ಟು ಗೌರವಿಸಿತು.

ಮ್ಯೂಸಿಯಂ ನೋಡಿ ಬರುವಾಗ ಮಾವ ಸ್ಕೂಟರ್ ನಿಲ್ಲಿಸಿ ಒಂದು ಬೋರ್ಡು ತೋರಿಸಿದರು. ಸುರಂಜನ್ ದಾಸ್ ರಸ್ತೆ. ಹಳೇ ಮದ್ರಾಸ್ ರಸ್ತೆಯಿಂದ ಎಚ್.ಎ.ಎಲ್. ಕಡೆಗೆ ಹೋಗುವ ರಸ್ತೆ ಅದು. ಪಕ್ಕದಲ್ಲಿ ಎಳನೀರು ಮಾರುತ್ತಿದ್ದ ತಾತನನ್ನು “ಸುರಂಜನ್ ದಾಸ್ ಅಂದ್ರೆ ಯಾರು ತಾತ?” ಅಂತ ಕೇಳಿದೆ. “ಈ ರಸ್ತೆ ಹೆಸರಪ್ಪ” ಅಂದರು. ಮಾವ ಎಳನೀರು ಕುಡಿದು ಮುಗಿಸುವಷ್ಟರಲ್ಲಿ ನಾನು ತಾತನಿಗೆ ಎಲ್ಲಾ ಹೇಳಿದೆ. ಅವರು ಬೋರ್ಡನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದರು.

ಅಷ್ಟು ದೂರ ಹೋಗಲಾಗದಿದ್ದರೆ, ಶಾಲಾ ಪ್ರವಾಸದಲ್ಲಿ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋದಾಗ ಆವರಣದಲ್ಲೂ ಒಂದು ಮಾರುತ ಸಿಗುತ್ತದೆ. ಮುಂದುಗಡೆ ಫೋಟೋ ತೆಗೆಸಿಕೊಂಡ ಮೇಲೆ ಹಿಂದಕ್ಕೂ ಹೋಗಿ, ಎರಡು ಎಂಜಿನ್ನುಗಳ ಬಾಯಿ ನೋಡಿ ಬನ್ನಿ.