ಮೀಸೆ ಮೂಡುವ ಮೊದಲು

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಚೀಕಲಪರ್ವಿ ಎಂಬ ಊರಿದೆ. 1682ರಲ್ಲಿ ವಿಜಯದಾಸರು ಹುಟ್ಟಿದ ಊರು ಅದು. ನಿರ್ಗತಿಕಳಾಗಿ ಪ್ರಾಣ ನೀಗಲು ಹೊರಟಿದ್ದ ತಾಯಿಯೊಬ್ಬಳನ್ನು ದಾಸರು ತಡೆದು, ಅವಳನ್ನೂ ಅವಳ ಕೂಸನ್ನೂ ಮನೆಗೆ ಕರೆತಂದರೆಂದೂ, ಆ ಕೂಸೇ ಮುಂದೆ ಮೋಹನದಾಸರೆಂದು ಹೆಸರಾದರೆಂದೂ ಹರಿದಾಸ ಪರಂಪರೆ ಹೇಳುತ್ತದೆ. ದಾಸರ ಕರುಣೆಗೆ ನಿದರ್ಶನವಾಗಿ ಈ ಕಥೆಯನ್ನು ಹೇಳುವುದು ವಾಡಿಕೆ. ನನಗಾದರೋ ಅದರಲ್ಲಿ ಆ ಹುಡುಗನೇ ಮುಖ್ಯನಾಗಿ ತೋರುತ್ತಾನೆ. ನೊಂದ ಹೆಣ್ಣಿಗೆ ಬಾಗಿಲು ತೆರೆದ ಮನೆಯಲ್ಲಿ ಅವನು ಬೆಳೆದ. ಗಂಡಸಾದವನು ಹೇಗಿರಬೇಕೆಂದು ಅವನಿಗೆ ಉಪದೇಶಿಸುವ ಅಗತ್ಯವೇ ಇರಲಿಲ್ಲ. ಮನೆಯ ನಡೆಯೇ ಪಾಠವಾಗಿತ್ತು.

ಎಲ್ಲ ಹುಡುಗರಿಗೂ ಅಂಥ ಮನೆ ದೊರೆಯುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆಯನ್ನು ಕಂಡವರು. ಹೆಂಡತಿಯನ್ನು ಹೊಡೆಯಲು ಒಂದಲ್ಲ ಒಂದು ನ್ಯಾಯವಾದ ಕಾರಣ ಉಂಟೆಂದು ಒಪ್ಪಿದವರು ಗಂಡಸರಲ್ಲಿ ನೂರಕ್ಕೆ ಸುಮಾರು 82, ಹೆಂಗಸರಲ್ಲಿ 77. ಈ ಎರಡನೆಯ ಲೆಕ್ಕ ನನ್ನನ್ನು ಹೆಚ್ಚು ಕಾಡುತ್ತದೆ. ಏಕೆಂದರೆ ಸಮೀಕ್ಷೆಯ ಗಂಡಸರಲ್ಲಿ ಹದಿನೈದರ ಹುಡುಗರೂ ಸೇರಿದ್ದಾರೆ. ಹೆಂಡತಿ ಮನೆಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಹೊಡೆಯುವ ಹಕ್ಕು ಮನಸ್ಸಿಗೆ ಬಂದು ಕುಳಿತಿರುತ್ತದೆ!

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆ 2005ರಲ್ಲಿ ಹುಟ್ಟಿ, 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಅದು ಬೇಕೇ ಬೇಕು. ಆದರೆ ಕಾಯಿದೆಯ ನೆರವು ಬಹುಮಟ್ಟಿಗೆ ಏಟು ಬಿದ್ದ ಮೇಲಿನದು. ಏಟಿಗಿಂತ ಮುಂಚೆ ಹುಡುಗನ ಬಳಿಗೆ ಹೋಗುವವರಾರು?

ಹೋದವರು ಇಲ್ಲದಿಲ್ಲ. ಹೆಣ್ಣಿನ ಮೇಲಿನ ಹಿಂಸೆಯ ವಿರುದ್ಧ ಗಂಡಸರೇ ಕಟ್ಟಿದ ‘ಮಾವಾ’ ಸಂಸ್ಥೆ 1993ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಯುವಕರೊಡನೆ ಮಾತಿಗಿಳಿಯಿತು. ಹರಿಯಾಣದ ನಾಲ್ಕು ಜಿಲ್ಲೆಗಳ 314 ಸರ್ಕಾರಿ ಶಾಲೆಗಳನ್ನು ಆರಿಸಿಕೊಂಡು, ಸುಮಾರು ಅರ್ಧದಷ್ಟು ಶಾಲೆಗಳಲ್ಲಿ ಏಳನೆಯ ತರಗತಿಯಿಂದ ಮೊದಲುಗೊಂಡು ಎರಡೂವರೆ ವರ್ಷ ‘ಬ್ರೇಕ್‌ಥ್ರೂ’ ಸಂಸ್ಥೆಯವರು ಪಾಠ ನಡೆಸಿದರು. ಹುಡುಗರನ್ನೂ ಹುಡುಗಿಯರನ್ನೂ ಕೂಡಿಸಿ, ಮನೆಗೆಲಸ ಯಾರದು, ಓದು ಯಾರಿಗೆ ಎಂದು ಚರ್ಚಿಸುವುದೇ ಆ ಪಾಠ. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೆಣ್ಣನ್ನು ಕೀಳಾಗಿ ಕಾಣುವ ಅಭಿಪ್ರಾಯಗಳಲ್ಲಿ ನೂರಕ್ಕೆ 16ರಷ್ಟು ಬದಲಾದವು; ಪಾಠ ಮುಗಿದು ಎರಡು ವರ್ಷ ಕಳೆದ ಮೇಲೂ ಆ ಬದಲಾವಣೆ ಉಳಿದಿತ್ತು. ನಡತೆಯ ಬದಲಾವಣೆ ಹುಡುಗರಲ್ಲೇ ಹೆಚ್ಚು ಕಂಡಿತು. ಅದಕ್ಕೆ ಕಾರಣ ಸರಳ: ಹುಡುಗಿ ಬಯಸಿದರೂ ಮನೆಯವರು ಬಿಡಬೇಕು, ಹುಡುಗ ಬಯಸಿದರೆ ಸಾಕು.

ಹದಿನಾರು ದೊಡ್ಡ ಸಂಖ್ಯೆಯಲ್ಲವೆಂದು ವಾಚಕರು ಹೇಳಬಹುದು. ಆದರೆ ತಲೆಮಾರುಗಳಿಂದ ಬಂದ ನಂಬಿಕೆಯನ್ನು ಶಾಲೆಯ ಕೆಲವು ಗಂಟೆಗಳು ಅಷ್ಟಾದರೂ ಕದಲಿಸಿದವಲ್ಲ! ಕಲಿತದ್ದನ್ನು ಮರೆಸಬಹುದೆಂಬುದಕ್ಕೆ ಅದೇ ಸಾಕ್ಷಿ.

ನಮ್ಮ ಮಾನ್ವಿ, ದೇವದುರ್ಗಗಳ ಕಡೆ ಈ ಪಾಠಕ್ಕೆ ಹೊಸ ಪುಸ್ತಕ ಬೇಕಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ಅಕ್ಕ ಶಾಲೆ ಬಿಟ್ಟು ಹೊಲಕ್ಕೆ ಹೋದಾಗ, ತಮ್ಮ ಏಕೆ ತರಗತಿಯಲ್ಲೇ ಉಳಿದನೆಂದು ಕೇಳಿದರಾಯಿತು. ದಿನವೆಲ್ಲ ದುಡಿದು ಬಂದ ಅವ್ವನೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವಾಗ, ಅಪ್ಪ ಕಟ್ಟೆಯ ಮೇಲೆ ಏಕಿದ್ದಾನೆಂದು ಕೇಳಿದರಾಯಿತು. ಹುಡುಗನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿ ಕೇಳಬಾರದು. “ಹೆಂಗಸರ ಹಂಗ ಅಳಬ್ಯಾಡ” ಎಂದು ಗದರಿಸಿಕೊಂಡೇ ಬೆಳೆದವನು ಅವನು. ಅವನ ದುಃಖಕ್ಕೆ ಸಿಟ್ಟೊಂದನ್ನುಳಿದು ಬೇರೆ ದಾರಿಯನ್ನು ನಾವು ಬಿಟ್ಟಿಲ್ಲ. ಮೊದಲು ಅವನಿಗೆ ಅಳುವ ಅನುಮತಿ ಕೊಡೋಣ. ಬಳಿಕ ತನ್ನ ತಟ್ಟೆಯನ್ನು ತಾನೇ ತೊಳೆಯಲು ಹೇಳೋಣ. ಇವೆರಡೂ ಸಣ್ಣ ಕೆಲಸಗಳೇ. ಆದರೆ ಮೀಸೆ ಮೂಡಿದ ಮೇಲೆ ಇವೇ ಬಹು ಕಷ್ಟವಾಗುತ್ತವೆ.