ಮೊದಲ ಸಾಲಿನಿಂದಲೇ ದಾಖಲೆ

ಒಂದು ನಿರ್ದಿಷ್ಟ ಕೆಲಸಕ್ಕಾಗಿ ಬರೆದ ಕೋಡನ್ನು ಇತರರೂ ತಮ್ಮ ಕಂಪ್ಯೂಟರಿಗೆ ಅಳವಡಿಸಿಕೊಳ್ಳುವಂತೆ ಹೆಸರು, ಆವೃತ್ತಿ ಸಂಖ್ಯೆ ಮೊದಲಾದ ವಿವರಗಳೊಡನೆ ಸಿದ್ಧಪಡಿಸಿದಾಗ ಅದು ಪ್ಯಾಕೇಜ್ ಎನಿಸಿಕೊಳ್ಳುತ್ತದೆ. ಅದರಲ್ಲಿ ಯಾವ ಸಾಲು ಯಾವಾಗ, ಯಾರಿಂದ, ಯಾವ ಕಾರಣಕ್ಕೆ ಬದಲಾಯಿತು ಎಂಬುದನ್ನು ಕೋಡಿನ ಜೊತೆಯಲ್ಲೇ ಕಾಪಾಡುವ ಕ್ರಮಕ್ಕೆ ಆವೃತ್ತಿ ನಿಯಂತ್ರಣ ಎಂದು ಹೆಸರು. ಕೋಡು ಬೆಳೆದ ಮೇಲೆ ಇದನ್ನು ಅಳವಡಿಸಿದರಾಯಿತು ಎಂಬ ಭಾವನೆ ಸರಿಯಲ್ಲ. ದಾಖಲಾಗದ ಕಾರಣಗಳು ಬರೆದವರ ನೆನಪಿನಿಂದಲೂ ಅಳಿಸಿಹೋಗುತ್ತವೆ.

ಇಂದು ಈ ಕೆಲಸಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವುದು ಗಿಟ್ ಎಂಬ ತಂತ್ರಾಂಶ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಅನ್ನು ಬೆಳೆಸುವ ತಂಡಕ್ಕೆ ಬಿಟ್‌ಕೀಪರ್ ಎಂಬ ಇದೇ ಬಗೆಯ ವಾಣಿಜ್ಯ ತಂತ್ರಾಂಶವನ್ನು ಉಚಿತವಾಗಿ ಬಳಸಲು ಇದ್ದ ಅವಕಾಶ 2005ರಲ್ಲಿ ತಪ್ಪಿದಾಗ, ಆ ತಂಡದ ಮುಖ್ಯಸ್ಥ ಲಿನಸ್ ಟೋರ್ವಾಲ್ಡ್ಸ್ ಅದೇ ವರ್ಷದ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ತೊಡಗಿದರು. ಕೆಲವೇ ದಿನಗಳಲ್ಲಿ ಗಿಟ್‌ನ ಸ್ವಂತ ಕೋಡೂ ಗಿಟ್‌ನಲ್ಲೇ ದಾಖಲಾಗತೊಡಗಿತು.

ಹೊಸ ಪ್ಯಾಕೇಜಿನ ಮೊದಲ ಕಮಿಟ್‌ನಲ್ಲಿ, ಅಂದರೆ ಬದಲಾವಣೆಯ ಮೊದಲ ದಾಖಲೆಯಲ್ಲಿ, ಪರಿಚಯದ ರೀಡ್‌ಮೀ ಕಡತ ಹಾಗೂ ಪರವಾನಗಿ ಇರಬೇಕು. ಪರವಾನಗಿಯಿಲ್ಲದ ಕೋಡು ಎಲ್ಲರಿಗೂ ಕಾಣುವಂತಿದ್ದರೂ ಅದನ್ನು ನಕಲಿಸಿ ಹಂಚುವ ಹಕ್ಕು ಸಾಮಾನ್ಯವಾಗಿ ಇತರರಿಗೆ ಇರುವುದಿಲ್ಲ. ಯಾವುದನ್ನು ದಾಖಲಿಸಬಾರದೆಂದು ತಿಳಿಸುವ ಗಿಟ್‌ಇಗ್ನೋರ್ ಕಡತವೂ ಆರಂಭದಲ್ಲೇ ಬೇಕು. ಪಾಸ್‌ವರ್ಡ್ ಒಂದು ಕಮಿಟ್‌ನಲ್ಲಿ ಸೇರಿಕೊಂಡರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದೇ ಇರುತ್ತದೆ. ಆ ಇತಿಹಾಸದ ಪ್ರತಿ ಹೊರಗೆ ಹೋಗಿದ್ದರೆ ಪಾಸ್‌ವರ್ಡನ್ನೇ ಬದಲಿಸುವುದು ಅನಿವಾರ್ಯ.

ಒಂದು ಕಮಿಟ್‌ನಲ್ಲಿ ಒಂದೇ ಉದ್ದೇಶದ ಬದಲಾವಣೆ ಇರಬೇಕೆಂಬ ನಿಯಮದ ಬೆಲೆ ದೋಷ ಹುಡುಕುವಾಗ ತಿಳಿಯುತ್ತದೆ. ಸರಿಯಿದ್ದ ಹಳೆಯ ಕಮಿಟ್ ಒಂದನ್ನೂ ಕೆಟ್ಟಿರುವ ಇಂದಿನದನ್ನೂ ತೋರಿಸಿದರೆ ಗಿಟ್‌ನ ಬೈಸೆಕ್ಟ್ ಎಂಬ ಆಜ್ಞೆ ನಡುವಿನದನ್ನು ಪರೀಕ್ಷೆಗೆ ಕೊಟ್ಟು, ಪ್ರತಿ ಸಲವೂ ಹುಡುಕಾಟದ ವ್ಯಾಪ್ತಿಯನ್ನು ಅರ್ಧಕ್ಕೆ ಇಳಿಸುತ್ತದೆ. ಹೀಗೆ 1000 ಕಮಿಟ್‌ಗಳ ನಡುವೆ ಅಡಗಿದ ದೋಷ ಸುಮಾರು 10 ಪರೀಕ್ಷೆಗಳಲ್ಲಿ ಸಿಗುತ್ತದೆ. ಸಿಕ್ಕ ಕಮಿಟ್‌ನಲ್ಲಿ ಹತ್ತಾರು ಸಂಬಂಧವಿಲ್ಲದ ಬದಲಾವಣೆಗಳು ತುಂಬಿದ್ದರೆ, ಅಥವಾ ಅದರ ಟಿಪ್ಪಣಿ ‘ಸರಿಪಡಿಸಿದೆ’ ಎಂದಷ್ಟೇ ಹೇಳಿದರೆ, ಹುಡುಕಿದ ಶ್ರಮದ ಬಹುಪಾಲು ವ್ಯರ್ಥವೇ ಸರಿ. ಏನು ಬದಲಾಯಿತೆಂಬುದನ್ನು ಗಿಟ್ ತಾನೇ ತೋರಿಸಬಲ್ಲದು. ಏಕೆ ಎಂಬುದನ್ನು ಮನುಷ್ಯರೇ ಬರೆಯಬೇಕು.

ಬಿಡುಗಡೆಯಾಗುವ ಆವೃತ್ತಿಗೆ 2.4.1ರಂತಹ ಸಂಖ್ಯೆ ಕೊಟ್ಟು, ಆ ಕಮಿಟ್‌ಗೆ ಟ್ಯಾಗ್ ಎಂಬ ಗುರುತು ಹಾಕಲಾಗುತ್ತದೆ. ಪ್ರಚಲಿತ ಸಂಪ್ರದಾಯದಂತೆ ಮೊದಲ ಅಂಕಿ ಹಳೆಯ ಬಳಕೆಗೆ ಹೊಂದದ ಬದಲಾವಣೆಯನ್ನೂ, ಎರಡನೆಯದು ಹೊಸ ಸೌಲಭ್ಯವನ್ನೂ, ಮೂರನೆಯದು ದೋಷ ಪರಿಹಾರವನ್ನೂ ಸೂಚಿಸುತ್ತದೆ. ಒಮ್ಮೆ ಬಿಡುಗಡೆಯಾದ ಸಂಖ್ಯೆಯ ಒಳಗಿನ ಕೋಡನ್ನು ಮತ್ತೆ ತಿದ್ದಬಾರದು. ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐ, ಅಳಿಸಿಹಾಕಿದ ಕಡತದ ಹೆಸರನ್ನು ಮರುಬಳಸಲು ಸಹ ಅವಕಾಶ ಕೊಡುವುದಿಲ್ಲ.